ಮೇಲಿನ ಮನೆ ಬಾಡಿಗೆಗೆ: ತೆರಿಗೆ ಲೆಕ್ಕ ಹಾಕುವುದು ಹೇಗೆ?

ಜನವರಿ ಬಂತೆಂದರೆ ಮೇಲಿನ ಮನೆಯ ಬಾಡಿಗೆದಾರರು ಮೆಟ್ಟಿಲಿಳಿದು ಬಂದು, "ಅಂಕಲ್, ಆಫೀಸಿಗೆ ನಿಮ್ಮ ಪ್ಯಾನ್ ನಂಬರ್ ಕೊಡಬೇಕಂತೆ" ಎನ್ನುತ್ತಾರೆ. ತಿಂಗಳ ಮೊದಲ ವಾರ ಗೂಗಲ್ ಪೇಯಲ್ಲಿ ಸದ್ದಿಲ್ಲದೆ ಬಂದು ಬೀಳುತ್ತಿದ್ದ ಬಾಡಿಗೆ ಅಲ್ಲಿಂದ ತಲೆಬಿಸಿಯಾಗುತ್ತದೆ. "ಮಾರಾಯ್ರೆ, ಬರುವುದು ಹದಿನಾಲ್ಕು ಸಾವಿರ. ಅದಕ್ಕೂ ಟ್ಯಾಕ್ಸಾ?" ಎಂಬ ಮಾತು ಪೆರಂಪಳ್ಳಿಯಿಂದ ಪರ್ಕಳದವರೆಗೆ ಎಲ್ಲ ಜಗಲಿಗಳಲ್ಲೂ ಕೇಳಿಬರುತ್ತದೆ. ಕೆಲವರು ಪ್ಯಾನ್ ಕೊಡುವುದಿಲ್ಲ ಎಂದುಬಿಡುತ್ತಾರೆ. ಕೆಲವರು ಬಾಡಿಗೆ ಕರಾರಿನಲ್ಲಿ ಅರ್ಧ ಮೊತ್ತ ಬರೆಸಿ ಉಳಿದರ್ಧವನ್ನು ನಗದಾಗಿ ಕೇಳುತ್ತಾರೆ. ಇವೆರಡರಿಂದ ಆಗುವ ತೊಂದರೆ ತೆರಿಗೆ ಕಟ್ಟಿದ್ದರೆ ಆಗುತ್ತಿದ್ದ ತೊಂದರೆಗಿಂತ ದೊಡ್ಡದು. ಸರಿಯಾಗಿ ಲೆಕ್ಕ ಹಾಕಿದರೆ ನಮ್ಮ ಕಡೆಯ ಬಹುಪಾಲು ಮನೆ ಮಾಲೀಕರಿಗೆ ಕಟ್ಟಬೇಕಾದ ತೆರಿಗೆ ಬಹಳ ಕಡಿಮೆ. ಎಷ್ಟೋ ಜನರಿಗೆ ಏನೂ ಇಲ್ಲ.

ಉಡುಪಿ ಜಿಲ್ಲೆಯಲ್ಲಿ ಮನೆಯ ಒಂದು ಭಾಗ ಬಾಡಿಗೆಗೆ ಕೊಡುವುದು ಹೊಸ ಪದ್ಧತಿಯೇನಲ್ಲ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಶುರುವಾಯಿತು. ಆ ಗುಡ್ಡದ ಸುತ್ತಲಿನ ಮನೆಗಳಿಗೆ ಮೇಲಂತಸ್ತು ಏರುತ್ತ ಬಂದದ್ದು ಅದರ ನಂತರವೇ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಕಾಪು ತಾಲೂಕಿನ ಎಲ್ಲೂರು, ಪಡುಬಿದ್ರಿ ಕಡೆ ವಿದ್ಯುತ್ ಸ್ಥಾವರದ ನೌಕರರು, ಕಾಪು ಬೀಚಿನ ಬದಿಯಲ್ಲಿ ವಾರಾಂತ್ಯದ ಅತಿಥಿಗಳು. ಬಾಡಿಗೆಗೆ ಬರುವವರು ಬೇರೆಬೇರೆ, ಅದರಂತೆ ತೆರಿಗೆಯ ದಾರಿಯೂ ಬೇರೆ. ಎಡವಟ್ಟು ಹೆಚ್ಚಾಗಿ ಶುರುವಾಗುವುದು ಇಲ್ಲೇ. ನಿಮ್ಮ ಬಾಡಿಗೆ ಯಾವ ಬಗೆಯ ಆದಾಯ, ಅದು ಯಾರ ಹೆಸರಿನ ಆದಾಯ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದದ್ದು ಕೂಡಿಸುವ, ಕಳೆಯುವ ಕೆಲಸ.

ಒಂದೇ ಮನೆ, ಎರಡು ಲೆಕ್ಕ

ಕೆಳಗೆ ನೀವು, ಮೇಲೆ ಬಾಡಿಗೆಯವರು ಎಂದಿದ್ದರೆ ಆದಾಯ ತೆರಿಗೆ ಕಾನೂನಿನ ಕಣ್ಣಿಗೆ ಅದು ಎರಡು ಮನೆ. ನೀವಿರುವ ಭಾಗದ ವಾರ್ಷಿಕ ಮೌಲ್ಯ ಸೊನ್ನೆ. ಬಾಡಿಗೆಗೆ ಕೊಟ್ಟ ಭಾಗ ಮಾತ್ರ 'ಮನೆ ಆಸ್ತಿಯಿಂದ ಬರುವ ಆದಾಯ' ಎಂಬ ತಲೆಬರಹದಡಿ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಮನೆ ತೆರಿಗೆಯಾಗಲಿ, ಸಾಲದ ಬಡ್ಡಿಯಾಗಲಿ ಇಡೀ ಮನೆಯದ್ದನ್ನು ಬಾಡಿಗೆಯಿಂದ ಕಳೆಯುವಂತಿಲ್ಲ. ಬಾಡಿಗೆ ಭಾಗದ ಪಾಲನ್ನಷ್ಟೇ ಕಳೆಯಬಹುದು.

ಇನ್ನು ಶೇ 30ರ ರಿಯಾಯಿತಿಯ ವಿಚಾರ. ಬಾಡಿಗೆ ಮನೆಯೆಂದ ಮೇಲೆ ಸುಣ್ಣಬಣ್ಣ, ಸೋರುವ ತಾರಸಿ, ಕೆಟ್ಟ ಪಂಪು ಇದ್ದದ್ದೇ. ಪ್ರತಿಯೊಂದಕ್ಕೂ ಬಿಲ್ ಕೇಳುತ್ತ ಕೂರುವ ಬದಲು ಕಾನೂನು ಒಂದು ಸಪಾಟು ರಿಯಾಯಿತಿ ಕೊಟ್ಟಿದೆ. ಮನೆ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟನ್ನು ಯಾವ ದಾಖಲೆಯೂ ಇಲ್ಲದೆ ಕಳೆಯಬಹುದು. ನೀವು ಒಂದು ಪೈಸೆ ಖರ್ಚು ಮಾಡದಿದ್ದರೂ ಅಷ್ಟೇ. ಮೂರು ಮಳೆಗಾಲ ಸೋರಿದ ತಾರಸಿಗೆ ಎರಡು ಲಕ್ಷ ಸುರಿದು ಶೀಟು ಹೊದಿಸಿದ ವರ್ಷವೂ ಅಷ್ಟೇ. ನಮ್ಮ ಕರಾವಳಿಯ ಮಳೆ ನೋಡಿದರೆ ಈ ಶೇ 30 ಸಾಲದು ಅನಿಸುವುದುಂಟು. ಆದರೆ ಶೀಟಿನ ಬಿಲ್ ಇಟ್ಟುಕೊಂಡು ಇನ್ನಷ್ಟು ಕಳೆಯಲು ಅವಕಾಶವಿಲ್ಲ. ಖರ್ಚುಗಳನ್ನು ಒಂದೊಂದಾಗಿ ಕಳೆಯುವ ಆಸೆಯಿಂದ ಬಾಡಿಗೆಯನ್ನು 'ವ್ಯಾಪಾರದ ಆದಾಯ' ಎಂದು ತೋರಿಸುವವರಿದ್ದರು. 2024ರ ಬಜೆಟ್ ಆ ಬಾಗಿಲು ಮುಚ್ಚಿತು. ವಾಸದ ಮನೆಯನ್ನಾಗಲಿ ಅದರ ಒಂದು ಭಾಗವನ್ನಾಗಲಿ ಮಾಲೀಕ ಬಾಡಿಗೆಗೆ ಕೊಟ್ಟರೆ ಅದು ಮನೆ ಆಸ್ತಿಯ ಆದಾಯವೇ ಎಂದು ಸ್ಪಷ್ಟವಾಗಿ ಬರೆಯಲಾಗಿದೆ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ ಆದಾಯ ತೆರಿಗೆ ಕಾಯ್ದೆ 2025 ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಲೆಕ್ಕದ ಕ್ರಮ ಬದಲಾಗಿಲ್ಲ. ಹೊಸ ಕಾಯ್ದೆ ಬಂತು, ಎಲ್ಲ ತಿರುವುಮುರುವಾಯಿತು ಎಂದು ಯಾರಾದರೂ ಹೆದರಿಸಿದರೆ ಈ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕ ಹಾಕೋಣ

ಕಾಗದ, ಪೆನ್ನು ಹಿಡಿದು ಕೂರಿ. ಒಂದು ಕಲ್ಪಿತ ಮನೆ ತೆಗೆದುಕೊಳ್ಳೋಣ. ಉಡುಪಿ ನಗರಸಭೆಯ ವ್ಯಾಪ್ತಿಯಲ್ಲಿ ಒಟ್ಟು 2,000 ಚದರಡಿಯ ಮನೆ. ಕೆಳಗಿನ 1,200 ಚದರಡಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ದಂಪತಿ, ಮೇಲಿನ 800 ಚದರಡಿಯಲ್ಲಿ ಬಾಡಿಗೆದಾರರು. ತಿಂಗಳಿಗೆ 14,000 ರೂಪಾಯಿ. ಓದು ಮುಗಿಸಿದ ಹುಡುಗರು ಹೋಗಿ ಹೊಸಬರು ಬರುವ ನಡುವೆ ಜೂನ್ ತಿಂಗಳು ಖಾಲಿ.

1. ಬಂದ ಬಾಡಿಗೆ: 11 ತಿಂಗಳಿಗೆ 1,54,000. ಬಾಡಿಗೆಗೆ ಕೊಡುವ ಮನೆ ಮಧ್ಯೆ ಖಾಲಿ ಬಿದ್ದರೆ ಆ ತಿಂಗಳ ಬಾಡಿಗೆ ಸೇರಿಸಬೇಕಾಗಿಲ್ಲ. ಕಾಲೇಜಿನ ವೇಳಾಪಟ್ಟಿ ನೆಚ್ಚಿಕೊಂಡ ಮಣಿಪಾಲ, ನಿಟ್ಟೆಯವರಿಗೆ ಇದು ಪ್ರತಿ ವರ್ಷದ ವಿಷಯ. ಹಳಬರು ಬಿಟ್ಟ ದಿನ, ಹೊಸಬರು ಬಂದ ದಿನ ಎರಡೂ ಕರಾರುಗಳಲ್ಲಿ ಕಾಣುವಂತಿರಲಿ.

2. ಮನೆ ತೆರಿಗೆ: ಇಡೀ ಮನೆಗೆ ಕಟ್ಟಿದ್ದು 7,500. ಮೇಲಿನ ಭಾಗ ಶೇ 40, ಹಾಗಾಗಿ ಕಳೆಯುವುದು 3,000. ಉಳಿದದ್ದು 1,51,000. ನಗರಸಭೆಯ ರಸೀದಿಯಲ್ಲಿ ಮೇಲಂತಸ್ತಿಗೆ ಪ್ರತ್ಯೇಕ ಡೋರ್ ನಂಬರ್, ಪ್ರತ್ಯೇಕ ತೆರಿಗೆ ಇದ್ದರೆ ಪಾಲು ಹಾಕುವ ಗೋಜಿಲ್ಲ, ಅದನ್ನೇ ಕಳೆಯಿರಿ.

3. ಸಪಾಟು ರಿಯಾಯಿತಿ: 1,51,000ದ ಶೇ 30 ಅಂದರೆ 45,300. ಉಳಿದದ್ದು 1,05,700.

4. ಸಾಲದ ಬಡ್ಡಿ: ಮನೆ ಸಾಲಕ್ಕೆ ವರ್ಷದಲ್ಲಿ 1,80,000 ಬಡ್ಡಿ ಎಂದುಕೊಳ್ಳಿ. ಮೇಲಿನ ಭಾಗದ ಪಾಲು ಶೇ 40, ಅಂದರೆ 72,000. ಕಳೆದರೆ ಉಳಿದದ್ದು 33,700.

ವರ್ಷಕ್ಕೆ ಒಂದೂವರೆ ಲಕ್ಷ ಬಾಡಿಗೆ ಪಡೆದವರ ಆದಾಯಕ್ಕೆ ಸೇರುವುದು ಇಷ್ಟೇ, 33,700. ಸಾಲ ಇಲ್ಲದಿದ್ದರೆ 1,05,700. ಇದು ಪಿಂಚಣಿ, ಠೇವಣಿ ಬಡ್ಡಿ ಎಲ್ಲದರ ಜೊತೆ ಕೂಡುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಲೆಕ್ಕಕ್ಕೆ 12 ಲಕ್ಷದವರೆಗಿನ ಮಾಮೂಲಿ ಆದಾಯವಿರುವ ಭಾರತ ನಿವಾಸಿಗೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಪಿಂಚಣಿದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ. ವರ್ಷಕ್ಕೆ ಆರು ಲಕ್ಷ ಪಿಂಚಣಿ ಬರುವವರು ಬಾಡಿಗೆಯನ್ನು ಪೂರ್ತಿ ತೋರಿಸಿದರೂ ಕಟ್ಟಬೇಕಾದದ್ದು ಏನಿಲ್ಲ. ಆದರೆ ತೆರಿಗೆ ಸೊನ್ನೆಯೆಂದು ರಿಟರ್ನ್ ಬಿಡುವಂತಿಲ್ಲ. ಒಟ್ಟು ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು.

ಸಾಲ ಇದ್ದವರು ಎರಡು ಸಲ ಲೆಕ್ಕ ಹಾಕಿ

ಹಳೆಯ ಪದ್ಧತಿ, ಹೊಸ ಪದ್ಧತಿ ಎಂಬ ಆಯ್ಕೆಯಲ್ಲಿ ಮನೆ ಸಾಲ ಇರುವವರಿಗೆ ದೊಡ್ಡ ವ್ಯತ್ಯಾಸವಾಗುವುದು ಬಡ್ಡಿಯಲ್ಲಿ. ಮೇಲಿನ ಉದಾಹರಣೆಯಲ್ಲಿ ನೀವಿರುವ ಕೆಳಗಿನ ಭಾಗದ ಬಡ್ಡಿ 1,08,000. ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಭಾಗಕ್ಕೆ ವರ್ಷಕ್ಕೆ 2 ಲಕ್ಷದವರೆಗೆ ಬಡ್ಡಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಸೌಲಭ್ಯ ಇಲ್ಲವೇ ಇಲ್ಲ. ಬಾಡಿಗೆ ಭಾಗದ ಬಡ್ಡಿ ಎರಡರಲ್ಲೂ ಸಿಗುತ್ತದೆ. ಬಡ್ಡಿ ಹೆಚ್ಚಿ ಲೆಕ್ಕ ನಷ್ಟಕ್ಕೆ ಇಳಿದರೆ ಹಳೆಯ ಪದ್ಧತಿಯಲ್ಲಿ 2 ಲಕ್ಷದವರೆಗಿನ ನಷ್ಟವನ್ನು ಸಂಬಳ, ಪಿಂಚಣಿಯಿಂದ ಕಳೆಯಬಹುದು. ಹೊಸದರಲ್ಲಿ ಬೇರೆ ಆದಾಯದಿಂದ ಕಳೆಯುವಂತಿಲ್ಲ. ಸಾಲ ತೀರಿದವರಿಗೆ, ಹಿರಿಯ ಪಿಂಚಣಿದಾರರಿಗೆ ಸಾಮಾನ್ಯವಾಗಿ ಹೊಸದೇ ವಾಸಿ. ಸಾಲದ ಮೊದಲ ವರ್ಷಗಳಲ್ಲಿರುವ ಸಂಬಳದಾರರು ಎರಡನ್ನೂ ಹಾಕಿ ನೋಡುವುದು ಕ್ಷೇಮ. ಬ್ಯಾಂಕಿನಿಂದ ಬಡ್ಡಿಯ ಪ್ರಮಾಣಪತ್ರ ತರಿಸಿ. ಇಎಂಐ ಪೂರ್ತಿ ಬಡ್ಡಿಯಲ್ಲ, ಅದರಲ್ಲಿ ಅಸಲೂ ಇರುತ್ತದೆ.

ಮನೆ ಅಮ್ಮನ ಹೆಸರಲ್ಲಿ, ಬಾಡಿಗೆ ಮಗನ ಖಾತೆಗೆ

ನಮ್ಮ ಊರಿನಲ್ಲಿ ಇದಕ್ಕಿಂತ ಸಾಮಾನ್ಯವಾದ ಗೋಜಲು ಇನ್ನೊಂದಿಲ್ಲ. ಮನೆ ಅಮ್ಮನ ಹೆಸರಿನಲ್ಲಿರುತ್ತದೆ, ಕರಾರಿಗೆ ಸಹಿ ಮಗನದ್ದು, ಯುಪಿಐ ಸೊಸೆಯ ಫೋನಿಗೆ. ತೆರಿಗೆ ಮಾತ್ರ ಮಾಲೀಕರದ್ದೇ, ದುಡ್ಡು ಯಾರ ಖಾತೆಗೆ ಬಂತೆಂಬುದು ಮುಖ್ಯವಲ್ಲ. ಅಮ್ಮನಿಗೆ ಬೇರೆ ಆದಾಯ ಇಲ್ಲದಿದ್ದರೆ ಇದರಿಂದ ಲಾಭವೇ. ಬಾಡಿಗೆ ಅಮ್ಮನ ಖಾತೆಗೆ ಬರಲಿ, ಕರಾರಿಗೆ ಅಮ್ಮನೇ ಸಹಿ ಹಾಕಲಿ, ಬಾಡಿಗೆದಾರರಿಗೆ ಕೊಡುವ ಪ್ಯಾನ್ ಕೂಡ ಅಮ್ಮನದ್ದೇ ಆಗಲಿ. ಮಗನ ಪ್ಯಾನ್ ಕೊಟ್ಟು ಅಮ್ಮನ ಲೆಕ್ಕದಲ್ಲಿ ಆದಾಯ ತೋರಿಸಿದರೆ ನೋಟಿಸ್ ಮಗನ ವಿಳಾಸಕ್ಕೆ ಬರುತ್ತದೆ.

ಇದನ್ನು ಓದಿದವರೇ, "ಹಾಗಾದರೆ ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿಬಿಡುತ್ತೇನೆ" ಎಂದು ಹೊರಡಬೇಡಿ. ತಕ್ಕ ಬೆಲೆ ಪಡೆಯದೆ ಗಂಡ ಹೆಂಡತಿಗೆ ಅಥವಾ ಹೆಂಡತಿ ಗಂಡನಿಗೆ ವರ್ಗಾಯಿಸಿದ ಮನೆಗೆ ತೆರಿಗೆ ಲೆಕ್ಕದಲ್ಲಿ ಕೊಟ್ಟವರೇ ಮಾಲೀಕರು.

ತಂದೆ ತೀರಿಕೊಂಡು ಖಾತೆ ಇನ್ನೂ ಅವರ ಹೆಸರಿನಲ್ಲೇ ಇದ್ದರೆ? ಮಕ್ಕಳ ಪಾಲು ಇಷ್ಟಿಷ್ಟು ಎಂದು ನಿಶ್ಚಿತವಾಗಿದ್ದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಬಾಡಿಗೆಯನ್ನು ತಮ್ಮ ತಮ್ಮ ರಿಟರ್ನಿನಲ್ಲಿ ತೋರಿಸಬೇಕು. ಊರಲ್ಲಿರುವ ಅಣ್ಣ ಬಾಡಿಗೆ ತೆಗೆದುಕೊಳ್ಳುತ್ತಾನೆ, ಮುಂಬಯಿಯ ತಂಗಿ ಏನೂ ಕೇಳುವುದಿಲ್ಲ ಎಂಬುದು ಮನೆಯೊಳಗಿನ ಹೊಂದಾಣಿಕೆ. ಇಲಾಖೆಗೆ ಬೇಕಾದದ್ದು ಪಾಲು.

ಮುಂಬಯಿ ಎಂದಾಗ ಇನ್ನೊಂದು ನೆನಪಾಯಿತು. ಊರಿನ ತರವಾಡು ಮನೆ, ಉಡುಪಿಯ ಮನೆ, ಮುಂಬಯಿಯ ಫ್ಲಾಟು ಹೀಗೆ ಮೂರು ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಸ್ವಂತ ವಾಸದ್ದೆಂದು ಸೊನ್ನೆ ತೋರಿಸಬಹುದಾದದ್ದು ಎರಡಕ್ಕೆ ಮಾತ್ರ. ಮೂರನೆಯದು ಬೀಗ ಹಾಕಿದ್ದರೂ ಬಾಡಿಗೆಗೆ ಕೊಟ್ಟಂತೆಯೇ ಲೆಕ್ಕ.

ಗಲ್ಫಿನಲ್ಲಿರುವ ಮಾಲೀಕರು

ಕಾಪು, ಶಿರ್ವ ಕಡೆ ಕುವೈತ್, ದುಬೈಯಲ್ಲಿ ದುಡಿದು ಕಟ್ಟಿಸಿದ ಮನೆಗಳು ಬೇಕಾದಷ್ಟಿವೆ. ಕೆಳಗೆ ತಂದೆತಾಯಿ, ಮೇಲೆ ಬಾಡಿಗೆ. ಮಾಲೀಕ ಅನಿವಾಸಿ ಆಗಿದ್ದರೆ ಎಚ್ಚರ ಬೇಕಾದದ್ದು ಬಾಡಿಗೆದಾರನಿಗೆ. ಭಾರತದಲ್ಲಿರುವ ಮಾಲೀಕನಿಗೆ ತಿಂಗಳಿಗೆ 50,000 ದಾಟಿದರೆ ಮಾತ್ರ ಸಾಮಾನ್ಯ ಬಾಡಿಗೆದಾರ ಮೂಲದಲ್ಲೇ ತೆರಿಗೆ ಹಿಡಿಯಬೇಕು, ಅದೂ ಶೇ 2. ಅನಿವಾಸಿ ಮಾಲೀಕನಿಗೆ ಅಂಥ ಮಿತಿಯೇ ಇಲ್ಲ. ಹತ್ತು ಸಾವಿರ ಬಾಡಿಗೆಯಾದರೂ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು ಶೇ 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು.

ಇಷ್ಟು ಹಿಡಿಯುತ್ತಾರೆಂದರೆ ಅಷ್ಟೂ ಹೋಯಿತೆಂದಲ್ಲ. ಅನಿವಾಸಿಗೆ 12 ಲಕ್ಷದವರೆಗಿನ ಆದಾಯದ ರಿಬೇಟ್ ಸಿಗುವುದಿಲ್ಲ ನಿಜ, ಆದರೆ ಹೊಸ ಪದ್ಧತಿಯ 4 ಲಕ್ಷದ ಮೂಲ ವಿನಾಯಿತಿ ಸಿಗುತ್ತದೆ. ಶೇ 30ರ ಸಪಾಟು ರಿಯಾಯಿತಿಯೂ ಸಿಗುತ್ತದೆ. ಭಾರತದಲ್ಲಿ ಬೇರೆ ಆದಾಯವಿಲ್ಲದೆ ಬಾಡಿಗೆಯಿಂದ ಉಳಿಯುವುದು ವರ್ಷಕ್ಕೆ ಒಂದು ಲಕ್ಷವಾದರೆ ರಿಟರ್ನ್ ಸಲ್ಲಿಸಿ ಹಿಡಿದದ್ದಷ್ಟನ್ನೂ ವಾಪಸ್ ಪಡೆಯಬಹುದು. ಅಥವಾ ಕಡಿಮೆ ದರದಲ್ಲಿ ಹಿಡಿಯಲಿ ಎಂದು ಇಲಾಖೆಗೆ ಅರ್ಜಿ ಹಾಕಿ ಮೊದಲೇ ಪ್ರಮಾಣಪತ್ರ ತರಬಹುದು. ಬಾಡಿಗೆ ಬರಬೇಕಾದದ್ದು ಎನ್‌ಆರ್‌ಒ ಖಾತೆಗೆ. ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟು ಅದಕ್ಕೆ ಹಾಕಿಸಿಕೊಳ್ಳುವುದು ವಿದೇಶಿ ವಿನಿಮಯ ನಿಯಮಕ್ಕೆ ವಿರುದ್ಧ. "ಅಪ್ಪನೇ ಬಾಡಿಗೆ ತೆಗೆದುಕೊಳ್ಳುತ್ತಾರೆ, ನಾನು ಊರಲ್ಲೇ ಇಲ್ಲವಲ್ಲ" ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಮನೆ ಯಾರ ಹೆಸರಿನಲ್ಲಿದೆಯೋ ಅವರದ್ದೇ ಆದಾಯ.

ಊಟ ಹಾಕಿದರೆ ಲೆಕ್ಕ ಬದಲು

ಮಣಿಪಾಲದಲ್ಲಿ ಮೇಲಿನ ಮನೆಗೆ ನಾಲ್ಕು ಮಂಚ ಹಾಕಿ ಪಿಜಿ ಮಾಡಿದವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಕೋಣೆ, ಮಂಚ, ಕಪಾಟು ಮಾತ್ರ ಕೊಟ್ಟು ತಿಂಗಳ ಬಾಡಿಗೆ ತೆಗೆದುಕೊಂಡರೆ ಅದು ಬಾಡಿಗೆಯೇ. ಬೆಳಿಗ್ಗೆ ನೀರುದೋಸೆ, ರಾತ್ರಿ ಊಟ, ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ವೈಫೈ ಎಲ್ಲ ಸೇರಿ ತಲೆಗೆ ಇಂತಿಷ್ಟು ಎಂದಾದಾಗ ನೀವು ಸೇವೆ ಮಾರುತ್ತಿದ್ದೀರಿ. ಊಟದ ದುಡ್ಡು, ಬಾಡಿಗೆ ಎರಡನ್ನೂ ಬೇರ್ಪಡಿಸಲು ಬಂದರೆ ಬಾಡಿಗೆ ಮನೆ ಆಸ್ತಿಗೆ, ಊಟ ವ್ಯಾಪಾರಕ್ಕೆ. ಬೇರ್ಪಡಿಸಲಾಗದ ಒಂದೇ ಮೊತ್ತವಾದರೆ ಪೂರ್ತಿ ವ್ಯಾಪಾರದ ಆದಾಯ ಎಂದೇ ತೋರಿಸುವುದು ರೂಢಿ.

ವ್ಯಾಪಾರವಾದರೆ ಶೇ 30ರ ರಿಯಾಯಿತಿ ಇಲ್ಲ. ಅದರ ಬದಲು ಅಕ್ಕಿ, ಗ್ಯಾಸ್, ಅಡುಗೆಯವರ ಸಂಬಳ, ಕರೆಂಟು ಹೀಗೆ ನಿಜವಾದ ಖರ್ಚು ಕಳೆಯಬಹುದು. ದಿನದಿನದ ಖರ್ಚು ಬರೆದಿಡಲು ಪುರುಸೊತ್ತಿಲ್ಲದವರಿಗೆ ಅಂದಾಜು ಆದಾಯದ ಯೋಜನೆಯಿದೆ. ಬ್ಯಾಂಕ್, ಯುಪಿಐ ಮೂಲಕ ಬಂದ ವಹಿವಾಟಿನ ಶೇ 6, ನಗದಿನ ಶೇ 8 ಲಾಭ ಎಂದು ತೋರಿಸಿ ಮುಗಿಸಬಹುದು. ಒಮ್ಮೆ ಇದಕ್ಕೆ ಸೇರಿ ಮಧ್ಯದಲ್ಲಿ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಸೇರುವಂತಿಲ್ಲ. ಹಿರಿಯರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. 60 ದಾಟಿದ, ವ್ಯಾಪಾರದ ಆದಾಯವಿಲ್ಲದ ನಿವಾಸಿಗಳಿಗೆ ಮುಂಗಡ ತೆರಿಗೆಯಿಂದ ವಿನಾಯಿತಿ ಇದೆ. ಪಿಜಿ ಆದಾಯ ವ್ಯಾಪಾರವೆಂದಾದ ವರ್ಷ ಆ ವಿನಾಯಿತಿ ಹೋಗುತ್ತದೆ.

ಜಿಎಸ್‌ಟಿ ವಿಚಾರದಲ್ಲಿ ಪಿಜಿಯವರು ಅಷ್ಟು ಹೆದರಬೇಕಾಗಿಲ್ಲ. ತಲೆಗೆ ತಿಂಗಳಿಗೆ 20,000 ಮೀರದೆ, ಕನಿಷ್ಠ 90 ದಿನ ಸತತವಾಗಿ ಉಳಿಯುವವರಿಗೆ ಕೊಟ್ಟ ವಸತಿಗೆ 2024ರ ಜುಲೈಯಿಂದ ವಿನಾಯಿತಿಯಿದೆ. ಹುಡುಗ ಮೂರು ತಿಂಗಳು ಪೂರ್ತಿ ಉಳಿದನೆಂದು ತೋರಿಸಲು ಸೇರಿದ ದಿನಾಂಕ, ಬಿಟ್ಟ ದಿನಾಂಕ ಬರೆದ ಒಂದು ರಿಜಿಸ್ಟರ್ ಸಾಕು.

ಬೀಚಿನ ಬದಿಯ ಹೋಂಸ್ಟೇಯದ್ದು ಇನ್ನೊಂದು ಕಥೆ. ಕಾಪುವಿನಲ್ಲಿ ದೀಪಸ್ತಂಭ ನೋಡಲು ಬಂದು ಎರಡು ರಾತ್ರಿ ಉಳಿಯುವವರು, ಪರ್ಯಾಯದ ಹೊತ್ತಿಗೆ ಉಡುಪಿಯಲ್ಲಿ ಕೋಣೆ ಹುಡುಕುವವರು ಬಾಡಿಗೆದಾರರಲ್ಲ, ಅತಿಥಿಗಳು. ದಿನಕ್ಕಿಷ್ಟು ಎಂದು ಹಾಸಿಗೆ, ತಿಂಡಿ ಸಮೇತ ಕೊಡುವುದು ವ್ಯಾಪಾರ. ವಾಸದ ಮನೆಗಿರುವ ಜಿಎಸ್‌ಟಿ ವಿನಾಯಿತಿ ಇದಕ್ಕಿಲ್ಲ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ನೋಂದಣಿ ಬೇಡ. ಬುಕಿಂಗ್ ಆ್ಯಪ್ ಮೂಲಕ ಅತಿಥಿ ಬಂದರೆ ನೋಂದಣಿಯಿಲ್ಲದ ಸಣ್ಣ ಮಾಲೀಕರ ಪರವಾಗಿ ಜಿಎಸ್‌ಟಿ ಕಟ್ಟುವ ಹೊಣೆ ಆ ಕಂಪನಿಯದ್ದು.

ರಸ್ತೆ ಬದಿಯ ಅಂಗಡಿ ಕೋಣೆ

ಕಾರ್ಕಳ ಪೇಟೆಯಲ್ಲೋ ಹೆದ್ದಾರಿ ಬದಿಯಲ್ಲೋ ಮನೆಯ ಮುಂಭಾಗದ ಕೋಣೆಯನ್ನು ಅಂಗಡಿಗೆ ಕೊಟ್ಟಿದ್ದರೆ ಆದಾಯ ತೆರಿಗೆಯ ಲೆಕ್ಕ ಮೇಲಿನ ಮನೆಯದ್ದೇ. ಶೇ 30 ಇಲ್ಲೂ ಸಿಗುತ್ತದೆ. ವ್ಯತ್ಯಾಸ ಬೇರೆ ಕಡೆಗಳಲ್ಲಿ. ಪುರಸಭೆಯ ಆಸ್ತಿ ತೆರಿಗೆಯಲ್ಲಿ ವಾಣಿಜ್ಯ ಭಾಗಕ್ಕೆ ದರ ಹೆಚ್ಚು, ಅದನ್ನು ವಾಸದ್ದೆಂದು ಘೋಷಿಸಿ ಕಟ್ಟಿದರೆ ಒಂದಲ್ಲ ಒಂದು ದಿನ ಹಿಂದಿನ ವ್ಯತ್ಯಾಸ ದಂಡ ಸಮೇತ ಬರುತ್ತದೆ. ಮೆಸ್ಕಾಂ ಮೀಟರೂ ವಾಣಿಜ್ಯದ್ದಾಗಿರಬೇಕು. ಬಾಡಿಗೆದಾರ ಬ್ಯಾಂಕೋ ಕಂಪನಿಯೋ ಆಗಿದ್ದು ತಿಂಗಳ ಬಾಡಿಗೆ 50,000 ದಾಟಿದರೆ ಶೇ 10 ಮೂಲದಲ್ಲೇ ಹಿಡಿಯುತ್ತಾರೆ. 2024ರ ಅಕ್ಟೋಬರ್ 10ರಿಂದ ಜಿಎಸ್‌ಟಿ ನೋಂದಣಿಯಿರುವ ಬಾಡಿಗೆದಾರ, ಇಲ್ಲದ ಮಾಲೀಕ ಎಂದಾದರೆ ಅಂಗಡಿ ಬಾಡಿಗೆಯ ಮೇಲಿನ ಶೇ 18 ಜಿಎಸ್‌ಟಿಯನ್ನು ಬಾಡಿಗೆದಾರನೇ ಸರ್ಕಾರಕ್ಕೆ ಕಟ್ಟಬೇಕು. ಕಾಂಪೊಸಿಷನ್ ಯೋಜನೆಯ ವ್ಯಾಪಾರಿಗಳು ಇದರಿಂದ ಹೊರಗಿದ್ದಾರೆ. ಬಾಡಿಗೆದಾರ ಆ ಜಿಎಸ್‌ಟಿಯನ್ನು ನಿಮ್ಮ ಬಾಡಿಗೆಯಿಂದ ಮುರಿದುಕೊಳ್ಳಲು ಬಂದರೆ ಒಪ್ಪಬೇಡಿ.

ನಿಮ್ಮದೇ ಅಂಗಡಿ, ನಿಮ್ಮದೇ ಕ್ಲಿನಿಕ್ ಆ ಕೋಣೆಯಲ್ಲಿದ್ದರೆ ಅದಕ್ಕೆ ಬಾಡಿಗೆ ಲೆಕ್ಕವೇ ಇಲ್ಲ.

ಕರಾರು ಮಾಡುವಾಗ

1. ಬಾಡಿಗೆ, ಕರೆಂಟು, ನೀರು ಮೂರನ್ನೂ ಬೇರೆಬೇರೆ ಬರೆಯಿರಿ. "ಎಲ್ಲ ಸೇರಿ 15,000" ಎಂದು ಬರೆದರೆ 15,000ವೂ ಬಾಡಿಗೆಯಾಗಿ ಕಾಣುತ್ತದೆ, ಮನೆ ಆಸ್ತಿಯ ಲೆಕ್ಕದಲ್ಲಿ ಕರೆಂಟ್ ಬಿಲ್ ಕಳೆಯಲು ಜಾಗವಿಲ್ಲ. ಮೇಲಿನ ಮನೆಗೆ ಪ್ರತ್ಯೇಕ ಮೀಟರ್ ಹಾಕಿಸಿ ಬಿಲ್ಲನ್ನು ಬಾಡಿಗೆದಾರರೇ ಕಟ್ಟುವಂತೆ ಮಾಡಿದರೆ ಈ ರಗಳೆಯೇ ಇಲ್ಲ.

2. ಅಡ್ವಾನ್ಸ್ ಮರಳಿ ಕೊಡುವ ಹಣ ಎಂದು ಸ್ಪಷ್ಟವಾಗಿ ಬರೆಯಿರಿ. ಅದು ಆದಾಯವಲ್ಲ. ಆದರೆ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರೆ ಆ ಎರಡು ತಿಂಗಳ ಮಟ್ಟಿಗೆ ಅದು ಬಾಡಿಗೆ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಪಡೆಯಿರಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ, ಪಡೆದಷ್ಟೇ ಮೊತ್ತದ ದಂಡವೂ ಇದೆ.

3. ಎಲ್ಲರೂ 11 ತಿಂಗಳ ಕರಾರು ಮಾಡುವುದಕ್ಕೆ ಕಾರಣ, ಒಂದು ವರ್ಷ ಮೀರಿದ ಕರಾರಿಗೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಕಡ್ಡಾಯ. 11 ತಿಂಗಳಾದರೂ ಇ-ಸ್ಟ್ಯಾಂಪ್ ಬೇಕೇ ಬೇಕು. ಅವಧಿ ಮುಗಿದಾಗ ಹೊಸ ಕರಾರು ಬರೆಸಿ. ಐದು ವರ್ಷ ಹಿಂದಿನ ಕರಾರಿನ ಜೆರಾಕ್ಸ್ ಹಿಡಿದು ಈ ವರ್ಷದ ಬಾಡಿಗೆ ಸಾಬೀತು ಮಾಡುವುದು ಕಷ್ಟ.

4. ಮನೆ ತೆರಿಗೆ ನೀವೇ ಕಟ್ಟಿ. ಮಾಲೀಕರು ಕಟ್ಟಿದ್ದನ್ನು, ಅದೂ ಕಟ್ಟಿದ ವರ್ಷದಲ್ಲಿ ಮಾತ್ರ ಕಳೆಯಬಹುದು. ಮೂರು ವರ್ಷದ ಬಾಕಿಯನ್ನು ಒಟ್ಟಿಗೆ ಕಟ್ಟಿದರೆ ಮೂರನ್ನೂ ಈ ವರ್ಷವೇ ಕಳೆಯಬಹುದು ಎಂಬುದೊಂದು ಸಮಾಧಾನ. ಆದರೆ ನಗರಸಭೆ, ಪುರಸಭೆಗಳಲ್ಲಿ ಏಪ್ರಿಲ್‌ನಲ್ಲೇ ಕಟ್ಟುವವರಿಗೆ ಶೇ 5 ರಿಯಾಯಿತಿಯಿದೆ, ತಡಮಾಡಿದವರಿಗೆ ತಿಂಗಳಿಗೆ ಶೇ 2ರಂತೆ ದಂಡವಿದೆ. ಬಾಕಿ ಉಳಿಸಿಕೊಂಡು ಗಳಿಸುವುದೇನಿಲ್ಲ.

ಜನ ಎಡವುವುದು ಎಲ್ಲಿ

ಪ್ಯಾನ್ ಕೊಡದಿರುವುದು ಮೊದಲನೆಯದು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರ ಮಾಲೀಕರ ಪ್ಯಾನನ್ನು ಕಚೇರಿಗೆ ಕೊಡಲೇಬೇಕು. ಅಲ್ಲಿಂದ ಅದು ಇಲಾಖೆಗೆ ಹೋಗುತ್ತದೆ. ನೀವು ಕೊಡದಿದ್ದರೆ ಬಾಡಿಗೆದಾರನಿಗೆ ನಷ್ಟ, ನಿಮಗೆ ಒಳ್ಳೆಯ ಬಾಡಿಗೆದಾರ ನಷ್ಟ. ಯುಪಿಐ ದಾಖಲೆ ಹೇಗೂ ಬ್ಯಾಂಕಿನಲ್ಲಿದೆ. ರಿಟರ್ನ್ ತುಂಬುವ ಮೊದಲು ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆರೆದು ನೋಡಿ. ನಿಮ್ಮ ಬಾಡಿಗೆಯ ಬಗ್ಗೆ ಅವರಿಗೆ ಏನು ಗೊತ್ತಿದೆ ಎಂಬುದು ನಿಮಗೂ ಗೊತ್ತಿರಲಿ.

"ನಮ್ಮದು ತೋಟದೊಳಗಿನ ಮನೆ, ಕೃಷಿ ಆದಾಯ, ತೆರಿಗೆ ಇಲ್ಲ" ಎಂಬ ನಂಬಿಕೆ ಕಾರ್ಕಳ, ಕಾಪುವಿನ ಹಳ್ಳಿಗಳಲ್ಲಿ ಬಲವಾಗಿದೆ. ಅಡಿಕೆ, ತೆಂಗು ಕೃಷಿ ಆದಾಯ ಸರಿ. ಅದೇ ತೋಟದ ಮನೆಯನ್ನು ನಿಟ್ಟೆಯ ಉಪನ್ಯಾಸಕರಿಗೆ ವಾಸಕ್ಕೆ ಕೊಟ್ಟರೆ ಆ ಬಾಡಿಗೆ ಕೃಷಿ ಆದಾಯವಲ್ಲ. ಹಾಗೆಯೇ ಮೇಲಂತಸ್ತಿಗೆ ಪರವಾನಗಿ ಆಗಿಲ್ಲ, ಡೋರ್ ನಂಬರ್ ಸಿಕ್ಕಿಲ್ಲ, ಆದ್ದರಿಂದ ತೋರಿಸುವ ಹಾಗಿಲ್ಲ ಎನ್ನುವವರೂ ಇದ್ದಾರೆ. ಆದಾಯ ತೆರಿಗೆಯವರು ಡೋರ್ ನಂಬರ್ ಕೇಳಿ ಬಾಡಿಗೆ ಲೆಕ್ಕ ಹಾಕುವುದಿಲ್ಲ. ಕಳೆದುಕೊಳ್ಳುವುದು ನೀವೇ, ಮನೆ ತೆರಿಗೆಯ ಪಾಲು ಕಳೆಯಲು ರಸೀದಿ ಇರುವುದಿಲ್ಲ.

ಸಂಬಂಧಿಕರಿಗೆ ತೀರಾ ಕಡಿಮೆ ಬಾಡಿಗೆಗೆ ಕೊಟ್ಟಾಗ ಬಂದಷ್ಟನ್ನೇ ತೋರಿಸಿದರಾಯಿತು ಎಂದುಕೊಳ್ಳುವುದು ಇನ್ನೊಂದು. ಆ ಜಾಗಕ್ಕೆ ನ್ಯಾಯವಾಗಿ ಬರಬಹುದಾದ ಬಾಡಿಗೆ, ನಿಜವಾಗಿ ಬಂದ ಬಾಡಿಗೆ ಎರಡರಲ್ಲಿ ಹೆಚ್ಚಿನದನ್ನು ಕಾನೂನು ಹಿಡಿಯುತ್ತದೆ. ಬಾಡಿಗೆ ಕೊಡದೆ ರಾತ್ರೋರಾತ್ರಿ ಖಾಲಿ ಮಾಡಿ ಹೋದವರ ಬಾಕಿಯನ್ನು ಆದಾಯಕ್ಕೆ ಸೇರಿಸದಿರಬಹುದು, ಆದರೆ ವಸೂಲಿಗೆ ಪ್ರಯತ್ನಿಸಿದ್ದಕ್ಕೆ, ಅಥವಾ ಪ್ರಯತ್ನಿಸಿ ಪ್ರಯೋಜನವಿರಲಿಲ್ಲ ಎಂಬುದಕ್ಕೆ ಆಧಾರ ಬೇಕು. ಮುಂದೆಂದಾದರೂ ಆ ಬಾಕಿ ಬಂದರೆ, ಬಂದ ವರ್ಷ ಶೇ 30 ಕಳೆದು ತೋರಿಸಿ.

ತೆರಿಗೆಗೆ ಸಂಬಂಧವಿಲ್ಲದಿದ್ದರೂ ಮಣಿಪಾಲದವರಿಗೆ ಹೇಳಲೇಬೇಕಾದದ್ದು ಒಂದಿದೆ. ವಿದೇಶಿ ವಿದ್ಯಾರ್ಥಿಗೆ ಮನೆ ಕೊಟ್ಟರೆ ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸುವುದು ಮಾಲೀಕರ ಹೊಣೆ. ಕಾಲೇಜಿನವರು ಮಾಡಿರಬಹುದು ಎಂದು ಸುಮ್ಮನಿರಬೇಡಿ.

ಇನ್ನು ತಾರೀಕುಗಳು. ವರ್ಷದ ತೆರಿಗೆ 10,000 ದಾಟುವವರು ಮುಂಗಡ ತೆರಿಗೆಯನ್ನು ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಬೇಕು. ಅಂದಾಜು ಯೋಜನೆಯ ಪಿಜಿಯವರಿಗೆ ಮಾರ್ಚ್ 15 ಒಂದೇ ಕಂತು. ಪಿಂಚಣಿ, ಬಾಡಿಗೆ ಮಾತ್ರ ಇರುವವರು ರಿಟರ್ನ್ ಸಲ್ಲಿಸಲು ಜುಲೈ 31 ಕೊನೆಯ ದಿನ. ಹೊಸ ಬಾಡಿಗೆದಾರರು ಸಾಮಾನು ಇಳಿಸುವ ಗಡಿಬಿಡಿಯೂ ಅದೇ ತಿಂಗಳು ಇರುವುದರಿಂದ ಬಡ್ಡಿ ಪ್ರಮಾಣಪತ್ರ, ಮನೆ ತೆರಿಗೆ ರಸೀದಿ, ಎರಡು ಕರಾರುಗಳ ಪ್ರತಿಯನ್ನು ಮೇ ತಿಂಗಳಲ್ಲೇ ಒಂದು ಫೈಲಿಗೆ ಹಾಕಿಡಿ.